ಚೌಡಿ ಏಳುವ ತನಕ

ಮೊದಲು ಏಳಬೇಕು, ಗಡಿಯಾರ ನೋಡದೆ. ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಹುಯ್ದುಕೊಳ್ಳಬೇಕು. ಹಂಡೆಯ ಒಲೆಗೆ ಆಗ ಬೆಂಕಿ ಇರುವುದಿಲ್ಲ. ಒದ್ದೆ ಕೂದಲನ್ನು ಗಂಟು ಹಾಕಿ ಅಂಗಳ ಗುಡಿಸಬೇಕು, ನೀರು ಚಿಮುಕಿಸಿ ಹೊಸಲಿಗೆ ರಂಗೋಲಿ ಎಳೆಯಬೇಕು. ಹಿತ್ತಿಲಿನ ದಾಸವಾಳದ ಗಿಡದಲ್ಲಿ ಕೈಯಾಡಿಸಿ, ಅರಳಲಿರುವ ಮೊಗ್ಗನ್ನು ಬೆರಳಿನಿಂದಲೇ ಗುರುತು ಹಿಡಿದು ಕೊಯ್ಯಬೇಕು. ಬಾವಿಯಿಂದ ನೀರು ಸೇದಿ ಅಡುಗೆಮನೆಯ ಕೊಡಗಳನ್ನು ತುಂಬಬೇಕು, ಬನಕ್ಕೆಂದು ತಾಮ್ರದ ಚೊಂಬನ್ನು ಬೇರೆ ತುಂಬಿಡಬೇಕು. ಈಚೆಗೆ ಅತ್ತೆಯ ಕಣ್ಣಿಗೆ ಔಷಧದ ಹನಿಯನ್ನೂ ಬಿಡಬೇಕು. ಅವರು ಉರಿ ಉರಿ ಎಂದಾಗ ಊದಬೇಕು. ದೋಸೆ ಹಿಟ್ಟು ಹುದುಗಿದೆಯೋ ನೋಡಿ ಉಪ್ಪು ಕಲಸಬೇಕು. ಬತ್ತಿ ಹೊಸೆಯಬೇಕು, ಎಣ್ಣೆಯ ಗಿಂಡಿ ತುಂಬಬೇಕು, ಕಂದೀಲಿನ ಗಾಜು ಒರೆಸಬೇಕು. ಇಷ್ಟೂ ಆದ ಮೇಲೆ, ಒಂದು ಗುಟುಕು ಬಿಸಿನೀರು ಕೂಡ ಗಂಟಲಿಗೆ ಇಳಿಯದೆ, ಬಾಗಿಲು ತೆಗೆದು ಕತ್ತಲಿಗೆ ಇಳಿಯಬೇಕು.

ಮದುವೆಯಾಗಿ ಬಂದಂದಿನಿಂದ ತ್ರಿಪುರಸುಂದರಿಯ ದಿನ ಹೀಗೇ ಶುರುವಾಗುತ್ತದೆ. ಮನೆಯವರ ಬಾಯಲ್ಲಿ ಅವಳು ಬರೀ ಸುಂದರಿ. ಕೆರೆಕಟ್ಟೆಯಿಂದ ಒಳಗೆ, ಜೀಪು ಹೋಗುವ ಮಣ್ಣುರಸ್ತೆ ಮುಗಿದ ಮೇಲೆ ಅವರ ಮನೆ. ಮನೆಯ ಹಿಂದಿನ ಗುಡ್ಡ ಹತ್ತಿ, ಒಂದು ಹಳ್ಳ ದಾಟಿದರೆ ಚೌಡಿಬನ. ಗೋಡೆ ಇಲ್ಲ, ಮೇಲೆ ಮಾಡು ಇಲ್ಲ, ಬಾಗಿಲಿಲ್ಲ. ದೊಡ್ಡ ಹಲಸಿನ ಮರದ ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾದ ಒಂದು ಕಲ್ಲು, ಅದೇ ಚೌಡಿ. ಆ ಕಲ್ಲಿನ ಮುಂದೆ ಬೆಳಕು ಹರಿಯುವ ಮೊದಲು ದೀಪ ಹಚ್ಚಬೇಕು. ಹಚ್ಚಿದ ದೀಪದಿಂದ ಕಂದೀಲು ಹೊತ್ತಿಸಿಕೊಂಡು ಮನೆಗೆ ತರಬೇಕು. ಆ ಬೆಂಕಿಯಿಂದಲೇ ಮನೆಯ ಒಲೆ ಹೊತ್ತಬೇಕು. ಇದು ಆ ಮನೆಯ ಕಟ್ಟಳೆ. ಗ್ಯಾಸ್ ಬಂದ ವರ್ಷ ಸುಂದರಿ ಲೈಟರ್ ಕೈಗೆ ತೆಗೆದುಕೊಂಡಾಗ ಅತ್ತೆ ಶಂಕರಮ್ಮ ಅದನ್ನು ಕಿತ್ತುಕೊಂಡು ಹಲಗೆಯ ಮೇಲಿಟ್ಟಿದ್ದರು. “ಸಿಲಿಂಡರ್ ಆದ್ರೂ ಒಲೆನೇ ಅಲ್ದನೇ?” ಎಂದಿದ್ದರು. ಲೈಟರ್ ಈಗಲೂ ಅಲ್ಲೇ ಇದೆ, ಪ್ಲಾಸ್ಟಿಕ್ ಕವರಿನ ಸಮೇತ.

ಅಂದರೆ ಸುಂದರಿ ಬನಕ್ಕೆ ಹೋಗಿ ಬರದೆ ಆ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ, ಸ್ನಾನಕ್ಕೆ ಬಿಸಿನೀರಿಲ್ಲ, ತಿಂಡಿಯಿಲ್ಲ. ಆದರೂ ಚೌಡಿಯ ಪೂಜೆ ಯಾರದು ಎಂದು ಕೇಳಿದರೆ ಊರವರೆಲ್ಲ ಹೇಳುತ್ತಿದ್ದುದು ಅವಳ ಗಂಡ ಹರಿಹರನ ಹೆಸರನ್ನು. ಹರಿಹರ ಶೃಂಗೇರಿಯಲ್ಲಿ ಯಾತ್ರಿಕರ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದಾನೆ. ಲಾಡ್ಜಿನ ಹಿಂದೆ ಅವನಿಗೊಂದು ಕೋಣೆ ಇದೆ. ವಾರಕ್ಕೊಮ್ಮೆ ಬರುತ್ತಾನೆ, ತಡವಾಗಿ ಏಳುತ್ತಾನೆ. ವರ್ಷಕ್ಕೊಂದು ಸಲ, ದೀಪಾವಳಿ ಕಳೆದ ಮೇಲೆ, ಮಡಿ ಉಟ್ಟು ಚೌಡಿಗೆ ಎಡೆ ಬಡಿಸಿ ಕಾಯಿ ಒಡೆಯುತ್ತಾನೆ. ಮೊದಲ ಪ್ರಸಾದ ಅವನಿಗೆ. ಎಡೆ ಬೇಯಿಸಿದವಳು ಅಂದು ಹಳ್ಳದ ಈಚೆ ನಿಲ್ಲಬೇಕು, ಹೆಂಗಸರು ಆ ಪೂಜೆ ನೋಡಬಾರದೆಂದು. ಉಳಿದ ಅಷ್ಟೂ ದಿನ ಅದೇ ಹಳ್ಳ ದಾಟಿ ಒಬ್ಬಳೇ ಹೋಗಬೇಕು.

ಸುಂದರಿಯ ತವರು ನರಸಿಂಹರಾಜಪುರದ ಕಡೆಯ ಕಡಹಿನಬೈಲು. ಬಯಲು ಗದ್ದೆಯ ಊರು. ಅಲ್ಲಿ ದೇವರಿಗೆ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು, ಭಟ್ಟರು ಬಿಸಿಲೇರಿದ ಮೇಲೆ ಬಂದು ಬೀಗ ತೆಗೆಯುತ್ತಿದ್ದರು. ದೇವರೆಂದರೆ ಮಂಗಳಾರತಿಯ ಹೊತ್ತಿಗೆ ಕೆನ್ನೆ ಮುಟ್ಟಿಕೊಂಡು ತೀರ್ಥ ತೆಗೆದುಕೊಂಡು ಬರುವ ಸಂಗತಿ ಎಂದು ಅವಳು ತಿಳಿದಿದ್ದಳು. ಮದುವೆಯಾಗಿ ಬಂದ ಮರುದಿನ ಶಂಕರಮ್ಮ ಅವಳನ್ನು ಕತ್ತಲಲ್ಲಿ ಎಬ್ಬಿಸಿ ಕಂದೀಲು ಕೈಗಿಟ್ಟರು. ಹಳ್ಳದ ತನಕ ಜತೆಗೆ ಬಂದು ನಿಂತರು. “ಇನ್ನು ನಿಂದು,” ಎಂದರು. ಆ ಮೊದಲ ಬೆಳಗು ಸುಂದರಿ ಅಳುತ್ತ ಹೋಗಿ ಅಳುತ್ತ ಬಂದಿದ್ದಳು. ಆಮೇಲೆ ಅಳು ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಅದು ದಿನವೂ ಅವಳ ಜತೆ ಎದ್ದು, ಜತೆಗೇ ಗುಡ್ಡ ಹತ್ತುತ್ತಿತ್ತು.

ಹೆದರಿಕೆ ಎರಡು ಬಗೆಯದು. ಹೋಗುವಾಗ ಕಾಡಿನದು. ಹೋಗದಿದ್ದರೆ ಚೌಡಿಯದು. ಶಂಕರಮ್ಮನ ಚೊಚ್ಚಲ ಹೆಣ್ಣುಮಗು ಜ್ವರದಲ್ಲಿ ತೀರಿಕೊಂಡ ವಾರ ಬನದಲ್ಲಿ ದೀಪ ತಪ್ಪಿತ್ತಂತೆ. ಬಾಣಂತಿಯಾಗಿದ್ದ ಶಂಕರಮ್ಮ ಹೋಗುವಂತಿರಲಿಲ್ಲ, ಮನೆಯ ಗಂಡಸರು ಯಾರೂ ಹೋಗಲಿಲ್ಲ. ತಪ್ಪು ಮಾತ್ರ ಬಾಣಂತಿಯ ಮೇಲೆ ಬಂತು. ಶಂಕರಮ್ಮ ಈ ಕತೆಯನ್ನು ಬೈಯುವುದಕ್ಕೆಂದು ಹೇಳುತ್ತಿರಲಿಲ್ಲ. ಅಕ್ಕಿ ಆರಿಸುತ್ತ, ತಲೆ ಎತ್ತದೆ, “ದೀಪ ಇಟ್ಟಿದ್ರೆ ಉಳೀತಿತ್ತು,” ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಅದಕ್ಕೇ ಸುಂದರಿಗೆ ಅತ್ತೆಯ ಮೇಲೆ ಪೂರ್ತಿ ಸಿಟ್ಟು ಬರುತ್ತಿರಲಿಲ್ಲ.

ಆ ಕಾಡಂಚಿನಲ್ಲಿ ಮುಂಚೆ ಏಳು ಮನೆಗಳಿದ್ದವು. ಕಾಡು ಕಾಡಿಗೇ ಇರಲಿ, ನಿಮಗೆ ಬೇರೆ ಕಡೆ ನೆಲೆ ಮಾಡಿಕೊಡುತ್ತೇವೆ ಎಂದು ಸರಕಾರದವರು ಹೇಳಿದ ಮೇಲೆ ಒಂದೊಂದೇ ಮನೆಯವರು ಎದ್ದರು. ಕೊಪ್ಪದ ಕಡೆಗೆ ಕೆಲವರು, ನರಸಿಂಹರಾಜಪುರದ ಕಡೆಗೆ ಕೆಲವರು. ಹೋಗುವವರೆಲ್ಲ ಹಂಚು, ಬಾಗಿಲುಗಳ ಜತೆ ಬನದಲ್ಲಿದ್ದ ತಮ್ಮ ದೇವರನ್ನೂ ಒಯ್ದರು. ಅದಕ್ಕೊಂದು ಕ್ರಮವಿತ್ತು. ಭಟ್ಟರು ಬಂದು ಕಲ್ಲಿನ ಮುಂದೆ ಕಲಶವಿಟ್ಟು, ಅಲ್ಲಿದ್ದ ದೇವರನ್ನು ಕಲಶದ ನೀರಿಗೆ ಕರೆಯುವುದು. ನೀರಿಗೆ ಬಂದ ಮೇಲೆ ಕಲ್ಲು ಬರೀ ಕಲ್ಲು. ಕಲಶವನ್ನು ಎಲ್ಲೂ ನೆಲಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಹೋಗಬೇಕು. ಎಲ್ಲಿ ಕೆಳಗಿಡುತ್ತಾರೋ ಅದೇ ಹೊಸ ಜಾಗ.

ಹೀಗೆ ನಾಗ ಹೋದ. ಭೂತಪ್ಪ ಹೋದ. ಗಣಪತಿ ಮೊದಲೇ ಹೋಗಿದ್ದ. ಎಲ್ಲರಿಗಿಂತ ಕೊನೆಗೆ, ಕಳೆದ ದೀಪಾವಳಿಯ ನಂತರ, ಪಕ್ಕದ ಮನೆಯ ಧರ್ಮಪ್ಪ ಮತ್ತು ಗುಡ್ಡಮ್ಮ ಹೊರಟರು, ಅದೂ ಸುಂದರಿಯ ತವರಾದ ಕಡಹಿನಬೈಲಿಗೇ. ಸುಂದರಿಯ ಮನೆಗೂ ಅಲ್ಲೇ ಪಕ್ಕದಲ್ಲಿ ಜಾಗ ಗೊತ್ತುಮಾಡಿದ್ದರು. ಅವಳ ಕರುವನ್ನು ಚಿರತೆ ಒಯ್ದಿತ್ತು. ಉಳಿದ ಹಸುವನ್ನು ಧರ್ಮಪ್ಪನ ಲಾರಿಗೆ ಹತ್ತಿಸಿ ಮುಂದಾಗಿಯೇ ಕಳಿಸಿದ್ದಳು.

ಚೌಡಿಯನ್ನು ಮಾತ್ರ ಯಾರೂ ಕರೆಯಲಿಲ್ಲ. ಏಳೂ ಮನೆಗೆ ಸೇರಿದ ದೇವಿ ಅವಳು. ಗಂಡಸರು ಕೂತು ಮಾತಾಡಿ, ಉಗ್ರದವಳು, ಸಂಸಾರಸ್ಥರ ನಡುವೆ ತಂದು ಕೂರಿಸಿದರೆ ತಡೆಯಲಾಗದು ಎಂದು ತೀರ್ಮಾನಿಸಿದ್ದರು. ಸುಮ್ಮನಿರುವ ದೇವರುಗಳನ್ನೆಲ್ಲ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ದಿನವೂ ದೀಪ ಕೇಳುವವಳನ್ನು ಸುಂದರಿಗೆ ಬಿಟ್ಟರು.

“ಚೌಡಿ ಎದ್ದ ದಿನ ನಾನೂ ಏಳ್ತೀನಿ,” ಎಂದು ಶಂಕರಮ್ಮ ಹೇಳಿಬಿಟ್ಟಿದ್ದರು. “ಅವಳು ಇಲ್ಲೇ ಇರದಾದ್ರೆ ಈ ಮನೆಯೂ ಇಲ್ಲೇ.” ಹರಿಹರ ಆ ಮಾತಿನ ಹಿಂದೆ ಹಾಯಾಗಿ ಅಡಗಿ ಕುಳಿತ. “ಅಮ್ಮ ಒಪ್ಪಿದ್ರೆ ನಾಳೆನೇ ಹೊರಡದು ಮಾರಾಯ್ತಿ. ಅಮ್ಮ ಒಪ್ಪದಿಲ್ವಲ್ಲ,” ಎನ್ನುತ್ತಿದ್ದ, ಶೃಂಗೇರಿಯಿಂದ, ಫೋನಿನಲ್ಲಿ.

ಗುಡ್ಡಮ್ಮನೂ ಫೋನು ಮಾಡುತ್ತಿದ್ದಳು. “ಸುಂದರೀ, ನಮ್ಮ ಭೂತಪ್ಪನ ಕಲ್ಲಿಗೂ ಒಂದು ಬತ್ತಿ ಇಡೇ.”

“ನೀವು ಕಲಶದಲ್ಲಿ ಒಯ್ದ್ರಲ್ಲ ಗುಡ್ಡಮ್ಮಕ್ಕ, ಅವನನ್ನ? ಅಲ್ಲಿ ಗುಡಿನೂ ಕಟ್ಟಿದೀರಂತೆ.”

“ಒಯ್ದಿದ್ದೇನೋ ಹೌದು. ಪೂರ್ತಿ ಬಂದಿದಾನೋ, ಅರ್ಧ ಅಲ್ಲೇ ಉಳ್ಕಂಡಿದಾನೋ, ಯಾರು ಇಣುಕಿ ನೋಡಿದಾರೆ? ಹೆಂಗೂ ನೀ ಹೋಗ್ತೀಯಲ್ಲ, ಹಂಗೇ ಒಂದು ಇಟ್ಬಿಡು.”

ಹೆಂಗೂ ನೀ ಹೋಗ್ತೀಯಲ್ಲ. ಹೋದವರೆಲ್ಲ ಹೇಳಿದ್ದು ಇದೇ ಮಾತು. ಖಾಲಿ ಕಲ್ಲುಗಳಿಗೂ ಸುಂದರಿ ಬತ್ತಿ ಇಟ್ಟಳು. ಬತ್ತಿ ಹೆಚ್ಚಾದಷ್ಟೂ ಬನದಲ್ಲಿ ನಿಲ್ಲುವ ಹೊತ್ತು ಹೆಚ್ಚಾಯಿತು.

ಗುಡ್ಡಮ್ಮ ಹೋದದ್ದು ಇನ್ನೊಂದು ಕಾರಣಕ್ಕೂ ಕಷ್ಟವಾಯಿತು. ತಿಂಗಳಿಗೊಮ್ಮೆ ಸುಂದರಿ ಹೊರಗಾದಾಗ ಬನಕ್ಕೆ ಕಾಲಿಡುವಂತಿಲ್ಲ. ಆ ದಿನಗಳಲ್ಲಿ ಗುಡ್ಡಮ್ಮ ಹೋಗುತ್ತಿದ್ದಳು. ಗುಡ್ಡಮ್ಮ ಹೊರಗಾದಾಗ ಅವಳ ಮನೆಯ ಭೂತಪ್ಪನ ದೀಪವನ್ನು ಸುಂದರಿ ನೋಡಿಕೊಳ್ಳುತ್ತಿದ್ದಳು. ಇಬ್ಬರ ಮೈಯೂ ಒಂದೇ ಸಲ ಕೈಕೊಡದಿರಲಿ ಎಂದು ಇಬ್ಬರೂ ಗುಟ್ಟಾಗಿ ಚೌಡಿಯನ್ನೇ ಬೇಡಿಕೊಂಡು ನಗುತ್ತಿದ್ದರು. ಅವಳು ಹೋದ ಮೇಲೆ ಶಂಕರಮ್ಮನೇ ಕೋಲು ಹಿಡಿದು ಹೋಗಿ ಬಂದರು. ಸಂಕ್ರಾಂತಿ ಕಳೆದು ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹಗಲಿನಲ್ಲಿ ಚೆನ್ನಾಗಿಯೇ ಓಡಾಡುತ್ತಾರೆ. ಮಬ್ಬುಗತ್ತಲಲ್ಲಿ ದಾರಿ ಕಾಣುವುದಿಲ್ಲ, ಬೆಂಕಿಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದಾರೆ.

ಆ ಹೊತ್ತಿಗೇ ಆನೆ ಬಂದದ್ದು.

ಒಂಟಿ ಸಲಗ. ಎಲ್ಲಿಂದಲೋ ಹೊಳೆ ದಾಟಿ ಬಂದು ಈ ಕಡೆಯ ಕಾಡಿನಲ್ಲಿ ನಿಂತಿತ್ತು. ಸಂಜೆಯಾದರೆ ಅರಣ್ಯದವರ ಜೀಪು ಮೈಕಿನಲ್ಲಿ ಕೂಗುತ್ತ ಬರುತ್ತಿತ್ತು: ಕತ್ತಲಾದ ಮೇಲೆ, ಬೆಳಕಾಗುವ ಮೊದಲು, ಯಾರೂ ಮನೆಯಿಂದ ಹೊರಗೆ ಬರಬೇಡಿ. ಬೆಳಕಾಗುವ ಮೊದಲು ಎಂಬ ಮಾತು ಬಂದಾಗ ಸುಂದರಿ ಅತ್ತೆಯ ಮುಖ ನೋಡುತ್ತಿದ್ದಳು. ಶಂಕರಮ್ಮ ಮೈಕಿನ ಕಡೆ ಬೆನ್ನು ಮಾಡಿ ಕೂರುತ್ತಿದ್ದರು.

ಆನೆಗೆ ಬಗನಿ ಮರ ಬಹಳ ಇಷ್ಟ. ಚೌಡಿಬನದ ಸುತ್ತ ಇದ್ದದ್ದೇ ಬಗನಿ. ಒಂದು ಬೆಳಿಗ್ಗೆ ಸುಂದರಿ ಹೋದಾಗ ದಾರಿಗೆ ಅಡ್ಡಲಾಗಿ ಒಂದು ಬಗನಿ ಬಿದ್ದಿತ್ತು. ಕಾಂಡವನ್ನು ಸೀಳಿ ಒಳಗಿನ ತಿರುಳು ತಿಂದು ಬಿಟ್ಟದ್ದು ಕಬ್ಬಿನ ಸಿಪ್ಪೆಯ ಹಾಗೆ ಹರಡಿತ್ತು. ಪಕ್ಕದಲ್ಲಿ ಲದ್ದಿ. ಅದರ ಮೇಲೆ ಕೈ ಹಿಡಿದಳು. ಬಿಸಿ ಇತ್ತು. ಅಂದಿನಿಂದ ಅವಳು ದಾರಿಯಲ್ಲಿ ಟಾರ್ಚ್ ಹಚ್ಚುವುದನ್ನು ಬಿಟ್ಟಳು. ಬೆಳಕು ತನಗೆ ದಾರಿ ತೋರಿಸುವುದಕ್ಕಿಂತ ಹೆಚ್ಚಾಗಿ ತನ್ನನ್ನೇ ತೋರಿಸುತ್ತದೆ ಎನಿಸಿತ್ತು.

ಫೆಬ್ರುವರಿಯಲ್ಲಿ ಮಗಳು ಅಪೇಕ್ಷಾ ಕೊಪ್ಪದ ಹಾಸ್ಟೆಲಿನಿಂದ ಬಂದಳು, ಪರೀಕ್ಷೆಗೆ ಓದಿಕೊಳ್ಳುವ ರಜೆಗೆ. ಅದೇ ವಾರ ಮನೆಗೆ ಇನ್ನೊಬ್ಬರು ಬಂದರು. ಕೊಪ್ಪದ ಶಾಲೆಯೊಂದರ ಟೀಚರ್, ಅರ್ಪಣಾ. ಯಾವುದೋ ಇಲಾಖೆಗಾಗಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲೂಕಿನ ಪೂಜಾಸ್ಥಳಗಳನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಮಾಡುವ ಕೆಲಸ ಅವರ ತಲೆಗೆ ಬಿದ್ದಿತ್ತು. ಜಗಲಿಯಲ್ಲಿ ಕೂತು ಚಪ್ಪಲಿಯೊಳಗಿನ ಮಣ್ಣು ಕೊಡವಿಕೊಂಡರು.

“ಶೃಂಗೇರಿ ಪೇಟೆಲಿ ಫೋನ್ ಬಿಸಿಯಾಗಿ ಆಫೇ ಆಯ್ತು ಸುಂದರಕ್ಕ. ಗುರುತು ಒಂದರ ಮೇಲೊಂದು ಕೂತು ಹೆಸರೇ ಓದಕ್ಕಾಗಲ್ಲ. ನರಸಿಂಹರಾಜಪುರದಲ್ಲಿ ಬಸದಿ, ಚರ್ಚು, ಮಸೀದಿ, ದೇವಸ್ಥಾನ ಎಲ್ಲ ಸಿಕ್ತು. ಕೊಪ್ಪದಲ್ಲೂ ಅಷ್ಟೇ. ಇಲ್ಲಿಗೆ ಬಂದ್ರೆ ನಕ್ಷೆ ಹಸಿರು ಬಟ್ಟೆ ಹಾಸಿದಂಗೆ. ಏನೂ ಇಲ್ಲ.”

“ಇದೆ ಟೀಚರ್ರೆ,” ಎಂದಳು ಸುಂದರಿ, ಕಾಫಿ ಲೋಟ ಕೈಗೆ ಕೊಡುತ್ತ.

“ಮಾಡು ಇದ್ಯಾ? ಇದರಲ್ಲಿ ಮೊದಲು ಅದೇ ಕೇಳ್ತದೆ.”

“ಹಲಸಿನ ಮರ ಇದೆ.”

ಅಪೇಕ್ಷಾ ನಕ್ಕಳು. ಟೀಚರೂ ನಕ್ಕರು. “ಆಯ್ತು, ಇದೆ ಅಂತ್ಲೇ ಒತ್ತುವ. ಪೂಜೆ ಮಾಡೋರ ಹೆಸರು?”

“ಹರಿಹರ,” ಎಂದರು ಶಂಕರಮ್ಮ ಒಳಗಿನಿಂದಲೇ.

ಸುಂದರಿ ಒಳಗಿನ ಕಡೆ ತಿರುಗಿ ನೋಡುವಷ್ಟರಲ್ಲಿ ಟೀಚರ್ ಹೆಸರು ಒತ್ತಿ ಆಗಿತ್ತು. “ದಿನಾ ಎಷ್ಟು ಜನ ಬರ್ತಾರೆ?” ಎಂದು ಕೇಳಿದರು.

“ಅಮ್ಮ ಒಬ್ಳೇ,” ಎಂದಳು ಅಪೇಕ್ಷಾ. “ಆನೆನೂ ಸೇರಿಸ್ಬಹುದಾದ್ರೆ ಇಬ್ರು.”

“ಬಾಯ್ಮುಚ್ಚೇ,” ಎಂದು ಸುಂದರಿ ಗದರಿದಳು. ಗದರಿ, ಗುಡ್ಡದ ಕಡೆ ನೋಡಿದಳು. ಟೀಚರ್ ಅವಳನ್ನೊಮ್ಮೆ ನೋಡಿದರು. ನಗು ಅಲ್ಲಿಗೆ ನಿಂತಿತು. ಹೋಗುವಾಗ ಮೆಟ್ಟಿಲಲ್ಲಿ ನಿಂತು, “ಕಡಹಿನಬೈಲಲ್ಲಿ ಧರ್ಮಪ್ಪನವರ ಗುಡಿ ಗುರುತು ಮಾಡ್ದೆ. ಇಲ್ಲಿಂದ ಕಲಶದಲ್ಲಿ ತಂದಿದ್ದಂತೆ. ನೀವ್ಯಾಕೆ ಹಂಗೆ ಮಾಡಲಿಲ್ಲ?” ಎಂದು ಮೆಲ್ಲಗೆ ಕೇಳಿದರು.

“ಅದಕ್ಕೆ ಗಂಡಸರು ಆಗ್ಬೇಕು, ಭಟ್ಟರು ಆಗ್ಬೇಕು ಟೀಚರ್ರೆ. ನಾವು ಕರೆದ್ರೆ ಅವಳು ಬರ್ತಾಳಾ?”

“ದಿನಾ ನೀವೇ ಹೋಗದು ಅಂದ್ಲಲ್ಲ ಮಗಳು. ಬೇರೆ ಯಾರ ಪರಿಚಯ ಇದೆ ಅವಳಿಗೆ?” ಎಂದು ಹೇಳಿ ಅರ್ಪಣಾ ಟೀಚರ್ ಇಳಿದು ಹೋದರು. ಬೆಳಕಿರುವಾಗಲೇ ರಸ್ತೆ ಸೇರುವ ಅವಸರ ಅವರಿಗಿತ್ತು.

ಅವರು ಹೋದ ಮಾರನೆಯ ದಿನ ಶಂಕರಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ, “ನಿಂಗೆ ಬರೋ ದಿನ ಆಯ್ತಲ್ಲೇ,” ಎಂದರು. ಸೊಸೆಯ ಮೈಯ ದಿನಗಳನ್ನು ಸೊಸೆಗಿಂತ ಚೆನ್ನಾಗಿ ಅವರೇ ನೆನಪಿಟ್ಟುಕೊಂಡಿದ್ದರು. “ಈ ಸಲ ಕೂಸು ಹೋಗ್ಲಿ. ಹೆಂಗೂ ಮನೇಲಿದೆ.”

ಸುಂದರಿಯ ಕೈಯಲ್ಲಿದ್ದ ಸೌಟು ಬಾಣಲೆಯ ಅಂಚಿಗೆ ಬಡಿಯಿತು. “ಅತ್ತೇ, ಆನೆ ಅದೆ.”

“ನೀ ಹೋಗದಿಲ್ವಾ?”

“ನಾನು ಬೇರೆ.”

“ಎಂತ ಬೇರೆ? ನಾನೂ ಹೋದೆ, ನೀನೂ ಹೋದೆ. ನಾಳೆ ಅವಳ ಗಂಡನ ಮನೆಲಿ ಇನ್ನೊಂದು ಇರ್ತದೆ. ಮೂರು ದಿನದ ಮಾತು.” ಶಂಕರಮ್ಮ ದನಿ ತಗ್ಗಿಸಿದರು. “ನಂಗೆ ಹೆದ್ರಿಕೆ ಇಲ್ಲ ಅಂತ ತಿಳ್ಕಂಡಿದೀಯಾ? ಹೋದ್ರೆ ಹೆದ್ರಿಕೆ. ಹೋಗದಿದ್ರೆ ಅದಕ್ಕಿಂತ ಹೆದ್ರಿಕೆ. ನಾ ಒಂದು ಕೂಸನ್ನ ಕಳ್ಕಂಡವಳು.”

ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಅಪೇಕ್ಷಾ, “ಹೋಗ್ತೀನಿ ಬಿಡಮ್ಮ,” ಎಂದಳು. “ಟಾರ್ಚ್ ಇದ್ಯಲ್ಲ. ಮೊಬೈಲಲ್ಲಿ ಹಾಡು ಹಾಕ್ಕಂಡು ಓಡಿ ಬರ್ತೀನಿ.”

ಟಾರ್ಚು, ಹಾಡು, ಓಟ. ಕಾಡಿನಲ್ಲಿ ಯಾವ ಮೂರನ್ನು ಮಾಡಬಾರದೋ ಅವೇ ಮೂರು. ಅವಳು ಹರಿಹರನಿಗೆ ಫೋನು ಮಾಡಿದಳು.

“ಎಂತ ಆಗದಿಲ್ಲ ಮಾರಾಯ್ತಿ. ಆನೆ ಅಷ್ಟೊತ್ತಿಗೆ ಬೇರೆ ಕಡೆ ಹೋಗಿರ್ತದೆ.”

“ಮೂರು ದಿನ ನೀವು ಬನ್ನಿ. ನೀವು ಹೋಗಿ ದೀಪ ಇಡಿ.”

“ಲಾಡ್ಜಲ್ಲಿ ರಶ್ ಅದೆ. ರೂಮು ಒಂದೂ ಖಾಲಿ ಇಲ್ಲ. ಈಗ ರಜೆ ಕೇಳಿದ್ರೆ ಬೈಸ್ಕಬೇಕು.” ಅವನ ಹಿಂದೆ ಯಾರೋ ಬಿಸಿನೀರು ಕೇಳುತ್ತಿದ್ದರು. “ಅಮ್ಮಂಗೆ ಹೇಳಿ ನೋಡು,” ಎಂದು ಫೋನಿಟ್ಟ.

ಮರುದಿನ ಮಧ್ಯಾಹ್ನ, ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವಳಿಗೆ ಗೊತ್ತಾಯಿತು. ಸೊಂಟದಲ್ಲಿ ಹಳೆಯ ನೋವು, ತೊಡೆಯಲ್ಲಿ ಬಿಸಿ. ಬೂದಿ ಮೆತ್ತಿದ ಕೈಯಲ್ಲಿ ಅವಳು ಹಾಗೇ ಕುಕ್ಕುರುಗಾಲಲ್ಲಿ ಕೂತಳು. ಒಳಗೆ ಹೋಗಿ ‘ಆಯಿತು’ ಎಂದರೆ ನಾಳೆ ಬೆಳಿಗ್ಗೆ ಮಗಳು ಹೋಗುತ್ತಾಳೆ. ಹೇಳದಿದ್ದರೆ ತಾನು ಹೋಗಬೇಕು, ಈ ಮೈಯಲ್ಲಿ, ಚೌಡಿಯ ಮುಂದೆ.

ಅವಳು ಹೇಳಲಿಲ್ಲ.

ಅಂದು ಸಂಜೆ ಮಾಡಿದ ಒಂದೊಂದು ಕೆಲಸವೂ ಕಳ್ಳತನದಂತೆ ಕಂಡಿತು. ಅಡುಗೆಮನೆಗೆ ಕಾಲಿಟ್ಟಳು. ಉಪ್ಪಿನಕಾಯಿಯ ಭರಣಿ ಮುಟ್ಟಿದಳು. ದೇವರ ಗೂಡಿನ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ದೀಪ ಆರಲಿಲ್ಲ, ಆದರೆ ಅದರ ಕುಡಿ ಅಲುಗಿದಾಗಲೆಲ್ಲ ಅವಳು ತಿರುಗಿ ನೋಡಿದಳು. ಅಪೇಕ್ಷಾ ಒಮ್ಮೆ ಕೆಮ್ಮಿದಳು. ಸುಂದರಿ ಓಡಿಹೋಗಿ ಅವಳ ಹಣೆ ಮುಟ್ಟಿ ನೋಡಿದಳು.

“ಎಂತಮ್ಮ?”

“ಎಂತ ಇಲ್ಲ. ಓದು.”

ಶಂಕರಮ್ಮ ಕಪ್ಪು ಕನ್ನಡಕದೊಳಗಿಂದ ಅವಳನ್ನೇ ನೋಡುತ್ತಿದ್ದರೋ, ಸುಮ್ಮನೆ ಆ ಕಡೆ ಮುಖ ಮಾಡಿದ್ದರೋ, ತಿಳಿಯಲಿಲ್ಲ. ಹೊರಗೆ ಮೈಕಿನ ಜೀಪು ಬಂತು, ಕೂಗಿತು, ಹೋಯಿತು.

ಬೆಳಗಿನ ಕೆಲಸಗಳನ್ನೆಲ್ಲ ಅವಳು ಅದೇ ಕ್ರಮದಲ್ಲಿ ಮಾಡಿದಳು. ತಣ್ಣೀರು, ಅಂಗಳ, ಹೂವು, ಬಾವಿ, ಅತ್ತೆಯ ಕಣ್ಣಿನ ಹನಿ. ಚೊಂಬು, ಗಿಂಡಿ, ಕಂದೀಲು ಹಿಡಿದು ಗುಡ್ಡ ಹತ್ತಿದಳು. ಮಂಜು ಇಳಿದಿತ್ತು. ಹಳ್ಳದ ನೀರು ಬೇಸಿಗೆಗೆ ತೆಳ್ಳಗಾಗಿ, ಕಲ್ಲುಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ಹಳ್ಳದ ಈಚೆ ಒಂದು ಗಳಿಗೆ ನಿಂತಳು. ವರ್ಷದ ಪೂಜೆಯ ದಿನ ತನ್ನನ್ನು ನಿಲ್ಲಿಸುವ ಜಾಗ ಅದೇ. ಸೀರೆ ಎತ್ತಿ ಕಟ್ಟಿ ದಾಟಿದಳು. ದಾಟಿದ ಮೇಲೂ ಕಾಲು ಸುಡಲಿಲ್ಲ.

ಹಲಸಿನ ಮರದ ಬುಡಕ್ಕೆ ಬಂದು ಚೊಂಬು ಕೆಳಗಿಟ್ಟು ಬೆಂಕಿಪೊಟ್ಟಣಕ್ಕೆ ಸೊಂಟ ತಡವುವಾಗ ಮೂಗಿಗೆ ವಾಸನೆ ಬಂತು. ಒದ್ದೆ ಮಣ್ಣು, ಹುಳಿತ ಹುಲ್ಲು, ಇನ್ನೇನೋ. ಆಮೇಲೆ ಸದ್ದು. ಬಟ್ಟೆ ಹರಿದಂತೆ ಬಗನಿಯ ಕಾಂಡ ಸೀಳುವ ಸದ್ದು, ಬಹಳ ಹತ್ತಿರದಲ್ಲಿ. ಮಂಜಿನೊಳಗೆ ಗೋಡೆಯೊಂದು ಅಲುಗಾಡಿತು.

ಕಡ್ಡಿ ಗೀರುವ ಕೈ ಅಲ್ಲೇ ನಿಂತಿತು. ಸುಂದರಿ ಮೆಲ್ಲಗೆ ಕುಸಿದು, ಚೌಡಿಯ ಕಲ್ಲಿಗೆ ಬೆನ್ನು ತಾಗಿಸಿ ಕೂತಳು. ಕಲ್ಲನ್ನು ಈ ದಿನಗಳಲ್ಲಿ ಮುಟ್ಟಬಾರದೆಂದು ನೆನಪಾದದ್ದು ಮುಟ್ಟಿದ ಮೇಲೆ. ಇದು ಅದಕ್ಕೇ ಬಂದದ್ದು, ಎಂದುಕೊಂಡಳು. ನನ್ನ ಮೈಲಿಗೆಗೆ ಚೌಡಿ ಕಳಿಸಿದ್ದು. ಹಲ್ಲು ಹಲ್ಲಿಗೆ ಬಡಿಯುವ ಸದ್ದು ಆನೆಗೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಳು. ಹೊಟ್ಟೆ ಹಿಂಡುತ್ತಿತ್ತು. ತೊಡೆಯ ಕೆಳಗಿನ ನೆಲ ತಣ್ಣಗಿತ್ತು.

ಆನೆ ತಿನ್ನುತ್ತಿತ್ತು. ಅವಸರವಿಲ್ಲದೆ, ಸಿಪ್ಪೆ ಉಗುಳಿ, ಮತ್ತೆ ಸೀಳಿ. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು. ಮಂಜಿನ ಗೋಡೆ ತಿರುಗಿತು. ತಿರುಗಿ, ಅವಳು ಬಂದ ದಾರಿಯಲ್ಲಿ, ಮನೆಯ ಕಡೆಗೆ ಇಳಿಯತೊಡಗಿತು.

ಆಗ ಬಂದ ಹೆದರಿಕೆಯ ಮುಂದೆ ಅದುವರೆಗಿನದು ಯಾವುದೂ ಹೆದರಿಕೆಯೇ ಅಲ್ಲ. ಅಮ್ಮ ಇನ್ನೂ ಬರಲಿಲ್ಲವೆಂದು ಅಪೇಕ್ಷಾ ಟಾರ್ಚ್ ಹಿಡಿದು ಅಂಗಳಕ್ಕೆ ಬಂದಿದ್ದರೆ? ಗುಡ್ಡ ಹತ್ತುತ್ತಿದ್ದರೆ? ಕೂಗಲು ಬಾಯಿ ತೆರೆದಳು. ಕೂಗಿದರೆ ಮಗಳು ಓಡಿ ಬರುತ್ತಾಳೆ. ಬಾಯಿ ಮುಚ್ಚಿದಳು. ಕಿವಿಯೊಂದೇ ಮೈಯಾಗಿ ಕೂತಳು. ಹಳ್ಳದಲ್ಲಿ ಕಲ್ಲುಗಳು ಉರುಳಿದವು. ನೀರು ಎಳೆದುಕೊಳ್ಳುವ ಸದ್ದು. ಮತ್ತೆ ಮೌನ. ಆಮೇಲೆ, ಮನೆಯ ಕಡೆಯಲ್ಲ, ಹಳ್ಳದ ಗುಂಟ ಕೆಳಗೆ, ದೂರದಲ್ಲಿ ಒಂದು ಕೊಂಬೆ ಮುರಿಯಿತು. ಇನ್ನೂ ದೂರದಲ್ಲಿ ಇನ್ನೊಂದು.

ಸುಂದರಿ ಅತ್ತಳು, ಸೆರಗಿನೊಳಗೆ, ಸದ್ದಿಲ್ಲದೆ. ಅತ್ತು ಮುಗಿದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ದೀಪ ಹಚ್ಚುವ ಹೊತ್ತು ಮೀರಿತ್ತು.

ಅವಳು ತಿರುಗಿ ಕಲ್ಲನ್ನು ನೋಡಿದಳು. ಅವಳ ಬೆನ್ನಿನ ಬೆವರು ಕಲ್ಲಿನ ಎಣ್ಣೆಗೆ ಹತ್ತಿತ್ತು. ಚೌಡಿ ಕಳಿಸಿದಳೋ, ಚೌಡಿ ಕಾಯ್ದಳೋ, ಆನೆ ಸುಮ್ಮನೆ ತನ್ನ ಹಸಿವಿಗೆ ಬಂದು ಹೋಯಿತೋ. ಯಾವುದೆಂದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ನಾಳೆ ಮತ್ತೆ ಇದೇ ಬೆಳಗು. ಇಂದು ಮುಚ್ಚಿಟ್ಟದ್ದು ನಾಳೆ ಅತ್ತೆಗೆ ತಿಳಿದರೆ ಬರುವವಳು ಕೂಸು. ತಿಳಿಯದಿದ್ದರೆ ತಾನು. ತಾನು ಒಂದು ದಿನ ಬಾರದೇ ಹೋದರೆ, ಹುಡುಕಿಕೊಂಡು ಬರುವವಳೂ ಕೂಸೇ.

“ಏಳು,” ಎಂದಳು.

ತನ್ನ ದನಿಗೆ ತಾನೇ ಬೆಚ್ಚಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಭೂತಪ್ಪನ ಖಾಲಿ ಕಲ್ಲು, ನಾಗನ ಖಾಲಿ ಕಲ್ಲು, ಮುರಿದ ಬಗನಿ.

ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಮುಂದಿಟ್ಟಳು. ಕಲಶಕ್ಕೆ ಏನೇನು ಬೇಕೆಂದು ಅವಳು ಭಟ್ಟರನ್ನು ನೋಡಿ ಬಲ್ಲಳು. ದಾರ ಬೇಕು, ದರ್ಭೆ ಬೇಕು, ಮಾವಿನೆಲೆ ಬೇಕು, ತೆಂಗಿನಕಾಯಿ ಬೇಕು, ಮಂತ್ರ ಬೇಕು, ಮಡಿ ಬೇಕು. ಇವು ಯಾವುವೂ ಅವಳಲ್ಲಿರಲಿಲ್ಲ. ಮಡಿಯಂತೂ ಇಲ್ಲವೇ ಇಲ್ಲ. ದಾಸವಾಳವನ್ನು ನೀರಿಗೆ ಹಾಕಿದಳು. ಕಲ್ಲಿನ ಬುಡದಿಂದ ಎಣ್ಣೆಗೆ ಕಪ್ಪಾದ ಮಣ್ಣು ಒಂದು ಚಿಟಿಕೆ ತೆಗೆ‌ದು ಅದಕ್ಕೆ ಹಾಕಿದಳು. ನೀರು ತುಸು ಚೆಲ್ಲಿತು.

“ನಂಗೆ ಕರೆಯಕ್ಕೆ ಬರಲ್ಲ,” ಎಂದಳು. “ನಾನು ಹೊರಗಾಗಿದೀನಿ, ಅದೂ ನಿಂಗೆ ಗೊತ್ತಿರ್ತದೆ. ಬರೋದಾದ್ರೆ ಇದರೊಳಗೆ ಬಾ. ಬರಲ್ಲ ಅಂದ್ರೆ ಇಲ್ಲೇ ಇರು. ನಾಳೆ ನಾನು ಬರಲ್ಲ. ನನ್ನ ಕೂಸೂ ಬರಲ್ಲ.”

ಕಾದಳು. ಎಲೆ ಬೀಳಲಿಲ್ಲ, ಹಕ್ಕಿ ಕೂಗಲಿಲ್ಲ. ಗುರುತು ಏನೂ ಸಿಗಲಿಲ್ಲ. ಚೊಂಬನ್ನು ಎತ್ತಿದಾಗ ಅದು ಮುಂಚಿಗಿಂತ ಭಾರವಾಗಿದೆಯೋ ಎಂದು ತೂಗಿ ನೋಡಿದಳು. ಕೈ ಸೋತಿತ್ತು, ಹೇಳಲಾಗಲಿಲ್ಲ. ಕಂದೀಲನ್ನು ಹೊತ್ತಿಸದೆ ಅಲ್ಲೇ ಬಿಟ್ಟಳು.

ಹಳ್ಳ ದಾಟುವಾಗ ಆನೆಯ ಹೆಜ್ಜೆಯೊಳಗೆ ನೀರು ಇನ್ನೂ ಕಲಕಿತ್ತು. ಚೊಂಬನ್ನು ಎದೆಗೆ ಒತ್ತಿಕೊಂಡು, ಒಂದು ಕೈಯಲ್ಲಿ ಅದರ ಬಾಯಿ ಮುಚ್ಚಿಕೊಂಡು, ಎಡವದಂತೆ ಇಳಿದಳು. ಕೆಳಗೆ ಮನೆ ಕಂಡಿತು. ಹೊಗೆಯಿಲ್ಲದ ಮನೆ. ಜಗಲಿಯಲ್ಲಿ ಅಪೇಕ್ಷಾ ಶಾಲು ಹೊದ್ದು ನಿಂತಿದ್ದಳು. ಪಕ್ಕದಲ್ಲಿ ಶಂಕರಮ್ಮ, ಕಪ್ಪು ಕನ್ನಡಕದ ಮುಖವನ್ನು ಗುಡ್ಡದ ಕಡೆ ಎತ್ತಿಕೊಂಡು, ಕಂಬ ಹಿಡಿದು ಕೂತಿದ್ದರು.

“ಬಂದ್ಯಾ,” ಎಂದರು ಶಂಕರಮ್ಮ. ಆ ಒಂದು ಮಾತಿನಲ್ಲಿ ಬೈಗುಳ ಇರಲಿಲ್ಲ. “ಬೆಂಕಿ ಎಲ್ಲೇ?”

ಸುಂದರಿ ಅಂಗಳದ ನಡುವೆ ನಿಂತಳು. ತೋಳು ಬಿದ್ದುಹೋಗುವಷ್ಟು ನೋಯುತ್ತಿತ್ತು. ಮುಂದೆಯೇ ಜಗಲಿ, ತುಳಸಿಯ ಕಟ್ಟೆ, ಹೊಸಲು. ಇಲ್ಲಿ ಕೆಳಗಿಟ್ಟರೆ ಇದೇ ಹೊಸ ಜಾಗ. ಗುಡ್ಡ ಹತ್ತುವುದು ತಪ್ಪುತ್ತದೆ, ಆದರೆ ಈ ಮನೆ ಇಲ್ಲೇ, ಈ ಕಾಡಂಚಿನಲ್ಲೇ, ಇನ್ನೊಂದು ತಲೆಮಾರಿಗೂ ಉಳಿದುಬಿಡುತ್ತದೆ. ಇಡದಿದ್ದರೆ ಮಣ್ಣುರಸ್ತೆ ಇದೆ, ರಸ್ತೆಯ ಕೊನೆಯಲ್ಲಿ ಶೃಂಗೇರಿಗೆ ಹೋಗುವ ಮೊದಲ ಬಸ್ಸು ಇದೆ. ಕಡಹಿನಬೈಲಿನ ಜಾಗದಲ್ಲಿ ಇನ್ನೂ ಮನೆ ಎದ್ದಿಲ್ಲ, ಶೃಂಗೇರಿಯ ಲಾಡ್ಜಿನ ಹಿಂದೆ ಒಂದು ಕೋಣೆ ಇದೆ. ನಕ್ಷೆಯಲ್ಲಿ ಹೆಸರು ಓದಲಾಗದಷ್ಟು ದೇವರುಗಳು ಒತ್ತಿ ಕೂತ ಊರಿನಲ್ಲಿ, ಮುಂದಿನ ದಾರಿ ಗೊತ್ತಾಗುವ ತನಕ, ಈ ಚೌಡಿಗೂ ಒಂದು ಮೂಲೆ. ಬಾಗಿಲು ತೆರೆದಾಗ ಹರಿಹರನ ಮುಖ ಹೇಗಾಗಬಹುದು ಎಂದು ಅವಳು ಯೋಚಿಸಲಿಲ್ಲ. ಚೊಂಬಿನಲ್ಲಿ ಬರೀ ನೀರೇ ಇದ್ದರೆ ಏನು ಗತಿ ಎಂಬುದನ್ನು ಯೋಚಿಸಿದಳು. ಬರೀ ನೀರಲ್ಲದಿದ್ದರೆ ಏನು ಗತಿ ಎಂಬುದನ್ನೂ.

“ಅಪೇಕ್ಷಾ,” ಎಂದಳು, “ಪುಸ್ತಕದ ಚೀಲ ತಗ. ಅಜ್ಜಿಯ ಕಣ್ಣಿನ ಔಷಧ ಮರೀಬೇಡ. ಅಜ್ಜಿಯ ಕೈ ಹಿಡ್ಕ.”

“ಎಲ್ಲಿಗೆ?” ಎಂದರು ಶಂಕರಮ್ಮ ಎದ್ದು ನಿಂತು.

“ಚೌಡಿ ಎದ್ದಿದಾಳೆ ಅತ್ತೆ,” ಎಂದಳು ಸುಂದರಿ. ಚೊಂಬನ್ನು ಕೆಳಗಿಡದೆ, ಮನೆಯ ಮೆಟ್ಟಿಲು ಹತ್ತದೆ, ರಸ್ತೆಯ ಕಡೆ ತಿರುಗಿದಳು.